ನಮ್ಮ ರಂಗಸಜ್ಜಿಕೆ ನಮ್ಮದಾಗಲಿ

ಹೊರನಾಡಿನಲ್ಲಿ ಕನ್ನಡವನ್ನು ನಾಲಿಗೆಯ ಮೇಲೂ ಮನಸ್ಸಿನಲ್ಲಿಯೂ ಉಳಿಸಿಕೊಂಡು ಬಂದ ಸಾಧನಗಳಲ್ಲಿ ನಾಟಕಕ್ಕೆ ದೊಡ್ಡ ಪಾಲು ಸಲ್ಲತಕ್ಕದ್ದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಹಗಲೆಲ್ಲ ಗಲ್ಲಾದ ಮುಂದೆ ಕುಳಿತವರು, ಮೇಜಿನಿಂದ ಮೇಜಿಗೆ ತಟ್ಟೆ ಲೋಟಗಳನ್ನು ಹೊತ್ತು ನಡೆದವರು, ಕಛೇರಿಯ ಕಡತಗಳಲ್ಲಿ ಕಣ್ಣು ಸವೆಸಿದವರು ರಾತ್ರಿ ಸಂಘದ ಕೋಣೆಯಲ್ಲಿ ಒಟ್ಟುಗೂಡಿ, ನಿದ್ದೆಗೆಟ್ಟು ತಾಲೀಮು ನಡೆಸಿ, ಕೈಯಿಂದಲೇ ಹಣ ಹಾಕಿ ಒಂದು ನಾಟಕವನ್ನು ರಂಗಕ್ಕೆ ತರುವುದು ಸಾಮಾನ್ಯವಾದ ಕಾರ್ಯವಲ್ಲ. ಇಷ್ಟು ಶ್ರಮದ ಫಲವು ಪರದೆ ಸರಿದ ಮೊದಲ ನಿಮಿಷದಲ್ಲಿಯೇ ಅರ್ಧ ಕರಗಿಹೋಗುವುದನ್ನು ಕಂಡಾಗ ನಮಗೆ ವ್ಯಥೆಯಾಗುತ್ತದೆ. ಮಾತು ಬಡವರ ಮನೆಯದು. ಹಿಂದೆ ನಿಂತಿರುವ ಗೋಡೆ ಬಂಗಲೆಯದು. ಕಥೆ ಹಳ್ಳಿಯ ಜಗಲಿಯದು. ರಂಗದ ಮೇಲಿರುವುದು ಮೆತ್ತನೆಯ ಸೋಫಾ. ನಟನು ಬಾಗಿಲನ್ನು ತಟ್ಟಿದರೆ ಮನೆಗೆ ಮನೆಯೇ ನಡುಗುತ್ತದೆ. ಕಣ್ಣೀರು ಬರಬೇಕಾದ ಸಮಯದಲ್ಲಿ ಸಭೆಯು ನಗುತ್ತದೆ.

ಇದು ಹೇಗೆ ಸಂಭವಿಸುತ್ತದೆಂಬುದನ್ನು ನಮ್ಮ ಸಂಘಗಳವರು ಬಲ್ಲರು. ಮೊದಲು ನಾಟಕದ ಆಯ್ಕೆ, ಆಮೇಲೆ ನಿರ್ದೇಶಕರು, ಆಮೇಲೆ ಪಾತ್ರಗಳ ಹಂಚಿಕೆ, ಆಮೇಲೆ ಟಿಕೇಟಿನ ಮಾರಾಟ. ಪ್ರದರ್ಶನಕ್ಕೆ ಎಂಟು ದಿನಗಳಿರುವಾಗ ಯಾರೋ ಒಬ್ಬರಿಗೆ ಸೀನರಿಯ ನೆನಪಾಗುತ್ತದೆ. ಕೂಡಲೇ ಬಾಡಿಗೆಗೆ ಕೊಡುವವರಲ್ಲಿಗೆ ಓಟ. ಅಲ್ಲಿ ಇದ್ದುದೇ ಬರುತ್ತದೆ: ಮೂರು ಬಾಗಿಲುಗಳ ಒಂದು ನೀಲಿ ಗೋಡೆ, ಎರಡು ಕಿಟಕಿ, ಒಂದು ಸೋಫಾ, ಹೂದಾನಿ. ಕೊಡುವವರನ್ನು ನಾವು ದೂರುವುದಿಲ್ಲ. ಹತ್ತು ತಂಡಗಳಿಗೆ ಒಗ್ಗುವುದನ್ನು ಇಟ್ಟುಕೊಳ್ಳುವುದು ಅವರ ವ್ಯಾಪಾರ. ಹತ್ತು ನಾಟಕಗಳಿಗೆ ಒಗ್ಗುವುದು ಯಾವ ನಾಟಕಕ್ಕೂ ಒಪ್ಪುವುದಿಲ್ಲವೆಂಬುದನ್ನು ತಿಳಿಯಬೇಕಾದವರು ನಾವು. ರಂಗಸಜ್ಜಿಕೆಯೆಂಬುದು ನಾಟಕಕ್ಕೆ ಕೊನೆಯಲ್ಲಿ ತೊಡಿಸುವ ಒಡವೆಯಲ್ಲ, ಆರಂಭದಲ್ಲಿಯೇ ಹಾಕಬೇಕಾದ ಅಡಿಪಾಯ. ಅದನ್ನು ಬಾಡಿಗೆಗೆ ತರುವುದಲ್ಲ, ಯೋಚಿಸಿ ಕಟ್ಟಬೇಕು. ಕಟ್ಟುವ ಶಕ್ತಿಯು ನಮ್ಮಲ್ಲಿಯೇ ಉಂಟು. ಈ ಮಾತನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸುವುದು ಅಗತ್ಯವೆಂದು ತೋರುತ್ತದೆ.

ಸೀನರಿಯ ಮೇಲೆ ನಮಗಿರುವ ಮೋಹವು ಕಂಪನಿ ನಾಟಕಗಳ ಕಾಲದಿಂದ ಬಂದ ಆಸ್ತಿ. ಅದನ್ನು ಹೀಯಾಳಿಸುವುದು ಕೃತಘ್ನತೆಯಾದೀತು. 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯು ವೀರಣ್ಣನವರ ಕಾಲದಲ್ಲಿ ಏರಿದ ಎತ್ತರವನ್ನು ನಮ್ಮ ಹಿರಿಯರು ಕಣ್ಣರಳಿಸಿ ವರ್ಣಿಸುತ್ತಿದ್ದರು. ಅವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬಂದವು. ಆದರೆ ಆ ವೈಭವದ ಹಿಂದೆ ಒಂದು ಲೆಕ್ಕಾಚಾರವಿತ್ತು. ಕಂಪನಿಯು ಒಂದೊಂದು ಊರಿನಲ್ಲಿ ಬಹುಕಾಲ ಬಿಡಾರ ಹೂಡಿ, ರಾತ್ರಿಯ ಮೇಲೆ ರಾತ್ರಿ ಅದೇ ನಾಟಕವನ್ನು ಆಡುತ್ತಿದ್ದುದರಿಂದ ಪರದೆಗೆ ಹಾಕಿದ ಹಣವು ಎಷ್ಟೋ ಆಟಗಳ ಮೇಲೆ ಹಂಚಿಹೋಗುತ್ತಿತ್ತು. ಚಿತ್ರಗಾರರೂ ಬಡಗಿಗಳೂ ಕಂಪನಿಯ ಮನೆಯವರೇ ಆಗಿದ್ದರು. ನಮ್ಮ ತಂಡವು ಆಡುವುದು ಒಂದೇ ಸಂಜೆ, ಹೆಚ್ಚೆಂದರೆ ಎರಡು. ನಾಟಕಗೃಹವು ದೊರೆಯುವುದು ಗಂಟೆಗಳ ಲೆಕ್ಕದಲ್ಲಿ. ಕಂಪನಿಯ ಬಂಡವಾಳವಿಲ್ಲದೆ ಕಂಪನಿಯ ವೈಭವವನ್ನು ಅನುಕರಿಸಹೊರಟರೆ ದೊರೆಯುವುದು ವೈಭವವಲ್ಲ, ಅದರ ಹರಕು ನೆರಳು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ರಂಗದ ಮೇಲೂ ಮರೆಯಬಾರದು.

ಆ ಕಾಲದ ಪರದೆಗಳು ಕೇವಲ ಅಲಂಕಾರವಾಗಿದ್ದವೆಂದು ತಿಳಿಯುವುದೂ ತಪ್ಪು. ಪಾರ್ಸಿ ಕಂಪನಿಗಳಿಂದ ಬಂದ ಕ್ರಮದಲ್ಲಿ ಒಂದು ಯುಕ್ತಿಯಿತ್ತು. ರಂಗದ ಮುಂಭಾಗದಲ್ಲಿ ಬೀದಿಯ ಪರದೆಯೊಂದನ್ನು ಇಳಿಬಿಟ್ಟು, ಅದರ ಮುಂದೆ ಕೆಳವರ್ಗದ ಪಾತ್ರಗಳ ಹಾಸ್ಯವನ್ನು ನಡೆಸುತ್ತಿದ್ದರು. ಆ ಹೊತ್ತಿಗೆ ಪರದೆಯ ಹಿಂದೆ ಅರಮನೆಯ ದರ್ಬಾರು ಸಿದ್ಧವಾಗುತ್ತಿತ್ತು. ಗಿರೀಶ ಕಾರ್ನಾಡರು 1964ರ ತಮ್ಮ ‘ತುಘಲಕ್’ ನಾಟಕವನ್ನು ರಚಿಸುವಾಗ ಈ ಬೀದಿ-ಅರಮನೆಗಳ ಸರದಿಯನ್ನೇ ಚೌಕಟ್ಟಾಗಿ ಇಟ್ಟುಕೊಂಡುದನ್ನು ತಾವೇ ವಿವರಿಸಿದ್ದಾರೆ. ಬೀದಿಯ ದೃಶ್ಯಗಳಲ್ಲಿ ನಗಿಸುತ್ತ ಬರುವ ಅಜೀಜನೆಂಬ ಅಗಸನು ಕೊನೆಗೆ ಅರಮನೆಯಲ್ಲಿ ಸುಲ್ತಾನನಿಗೇ ಎದುರಾಗಿ ನಿಲ್ಲುತ್ತಾನೆ. ಬೀದಿಗೂ ಅರಮನೆಗೂ ನಡುವೆ ಇದ್ದ ತೆರೆ ಅಲ್ಲಿ ಹರಿದುಬೀಳುತ್ತದೆ. ರಾಜ್ಯವು ಕುಸಿದುದೂ ಅದರಿಂದಲೇ ತಿಳಿಯುತ್ತದೆ. ಸೀನು ಬದಲಿಸುವುದಕ್ಕೆಂದು ಹುಟ್ಟಿದ ಒಂದು ಸೌಕರ್ಯವು ನಾಟಕದ ಅರ್ಥವೇ ಆಗಿ ಪರಿಣಮಿಸಿದ ಉದಾಹರಣೆಯಿದು. ಇದೇ ನಾಟಕವನ್ನು ಇಬ್ರಾಹಿಂ ಅಲ್ಕಾಜಿಯವರು 1970ರ ದಶಕದಲ್ಲಿ ದಿಲ್ಲಿಯ ಪುರಾನಾ ಕಿಲ್ಲೆಯಲ್ಲಿ ಆಡಿಸಿದಾಗ, ಹಳೆಯ ಕೋಟೆಯ ಕಲ್ಲುಗೋಡೆಗಳೇ ರಂಗಸಜ್ಜಿಕೆಯಾದವು. ಯಾವ ಕಥೆಗೆ ಯಾವ ಸ್ಥಳವೆಂಬ ಆಯ್ಕೆಯೇ ಅಲ್ಲಿ ವಿನ್ಯಾಸವಾಯಿತು.

ಇನ್ನು ನಮ್ಮಲ್ಲಿ ಬಹುಮಂದಿ ಕರಾವಳಿಯವರು. ಯಕ್ಷಗಾನದ ಚೆಂಡೆಯ ದನಿಯಲ್ಲಿ ಬೆಳೆದವರು. ಬಯಲಾಟಕ್ಕೆ ಬೇಕಾದುದಾದರೂ ಎಷ್ಟು? ನೆಟ್ಟ ಕಂಬಗಳು, ಮಾವಿನ ತೋರಣ, ಹಿಂದಿನ ಕಾಲದಲ್ಲಾದರೆ ದೀವಟಿಗೆಗಳು, ‘ರಥ’ವೆಂದು ಕರೆಯುವ ಒಂದು ಮರದ ಪೀಠ, ಇಬ್ಬರು ಹಿಡಿದು ನಿಲ್ಲುವ ಒಂದು ತೆರೆ. ಆ ಪೀಠವೇ ಸಿಂಹಾಸನ, ಅದೇ ರಥ, ಅದೇ ಬೆಟ್ಟ. ಭರತನ ನಾಟ್ಯಶಾಸ್ತ್ರದಲ್ಲಿಯೂ ‘ಕಕ್ಷ್ಯಾವಿಭಾಗ’ವೆಂಬ ವಿಧಿಯುಂಟು: ರಂಗವನ್ನು ಮನಸ್ಸಿನಲ್ಲಿಯೇ ಭಾಗಗಳಾಗಿ ವಿಂಗಡಿಸಿಕೊಂಡು, ಪಾತ್ರವು ಒಂದು ಸುತ್ತು ನಡೆದರೆ ಸ್ಥಳವು ಬದಲಾಯಿತೆಂದು ಪ್ರೇಕ್ಷಕರು ಒಪ್ಪಿಕೊಳ್ಳುವರು. 1971ರ ‘ಹಯವದನ’ದಲ್ಲಿ ಕಾರ್ನಾಡರು ಯಕ್ಷಗಾನದ ಆ ಅರೆತೆರೆಯನ್ನೇ ಹೊಸ ರಂಗಭೂಮಿಗೆ ತಂದರು. ಆದುದರಿಂದ ಕಡಮೆ ಸಾಮಗ್ರಿಯಲ್ಲಿ ದೊಡ್ಡ ಲೋಕವನ್ನು ತೋರಿಸುವ ವಿದ್ಯೆಯು ನಮಗೆ ಪರಕೀಯವಲ್ಲ. ಊರಿನ ಗದ್ದೆಯ ಬಯಲಿನಲ್ಲಿ ನಾವು ಕಂಡುದನ್ನು ಪಟ್ಟಣದ ಸಭಾಗೃಹಕ್ಕೆ ಬಂದ ಮೇಲೆ ಮರೆತಿದ್ದೇವೆ, ಅಷ್ಟೆ.

ಪರದೇಶಗಳಲ್ಲಿಯೂ ಈ ವಿಚಾರವು ನಡೆದಿದೆ. ಬಟ್ಟೆಯ ಮೇಲೆ ಬರೆದ ಮರ, ಅದರ ಮುಂದೆ ಮೂಳೆ ಮಾಂಸಗಳ ಜೀವಂತ ಮನುಷ್ಯ. ಇವೆರಡೂ ಒಂದೇ ಲೋಕಕ್ಕೆ ಹೇಗೆ ಸೇರಿಯಾವು ಎಂದು ಸ್ವಿಟ್ಜರ್‌ಲೆಂಡಿನ ಅಡಾಲ್ಫ್ ಆಪಿಯಾ (1862–1928) ಪ್ರಶ್ನಿಸಿ, ಮೆಟ್ಟಿಲು, ಜಗಲಿ, ಬೆಳಕು ಇವುಗಳಿಂದ ರಂಗವನ್ನು ಕಟ್ಟುವ ದಾರಿಯನ್ನು ತೋರಿಸಿದರು. ಇಂಗ್ಲೆಂಡಿನ ಗಾರ್ಡನ್ ಕ್ರೇಗ್ (1872–1966) ಅದೇ ದಿಕ್ಕಿನಲ್ಲಿ ನಡೆದರು. ನಮ್ಮ ದೇಶದಲ್ಲಿ ಕಲಕತ್ತೆಯ ಬಂಗಾಳಿ ರಂಗಭೂಮಿಯು ಈ ಕಲೆಯನ್ನು ಎತ್ತಿಹಿಡಿಯಿತು. 1954ರಲ್ಲಿ ಶಂಭು ಮಿತ್ರರು ರವೀಂದ್ರರ ‘ರಕ್ತಕರಬಿ’ಯನ್ನು ಆಡಿಸಿದಾಗ ಖಾಲಿದ್ ಚೌಧುರಿಯವರು ರೂಪಿಸಿದ ರಂಗಸಜ್ಜಿಕೆಯನ್ನು ನಾಟಕದಷ್ಟೇ ಆದರದಿಂದ ಇಂದಿಗೂ ಸ್ಮರಿಸುತ್ತಾರೆ. 1959ರ ‘ಅಂಗಾರ್’ ನಾಟಕದಲ್ಲಿ ಕಲ್ಲಿದ್ದಲ ಗಣಿಯೊಳಗೆ ನೀರು ನುಗ್ಗಿ ಏರುವ ದೃಶ್ಯವನ್ನು ತಾಪಸ ಸೇನರು ಬೆಳಕಿನ ಕೌಶಲದಿಂದಲೇ ಸಾಧಿಸಿದರು. ಅಲ್ಲಿ ಕೆಲಸ ಮಾಡಿದುದು ಹಣಕ್ಕಿಂತ ಹೆಚ್ಚಾಗಿ ಬುದ್ಧಿ.

ಅಷ್ಟು ದೂರ ಹೋಗುವುದೇಕೆ? ಮೈಸೂರಿನಲ್ಲಿ 1930ರಲ್ಲಿ ಜನಿಸಿದ ಎಂ. ಎಸ್. ಸತ್ಯು ಅವರ ಹೆಸರನ್ನು ‘ಗರಂ ಹವಾ’ ಚಿತ್ರದ ನಿರ್ದೇಶಕರೆಂದು ಎಲ್ಲರೂ ಬಲ್ಲರು. ಅವರು ರಂಗಸಜ್ಜಿಕೆಯ ವಿನ್ಯಾಸಕರೂ ಆಗಿದ್ದರೆಂಬುದನ್ನು ಬಲ್ಲವರು ಕಡಮೆ. ಪದವಿಯ ಓದನ್ನು ಅರ್ಧಕ್ಕೆ ಬಿಟ್ಟು ಹೊರಟ ಈ ಕನ್ನಡಿಗರು ಹಲವು ವರ್ಷ ನೆಲೆಯಾದ ಉದ್ಯೋಗವಿಲ್ಲದೆ ಕಳೆದವರು. ದಿಲ್ಲಿಯಲ್ಲಿ ಹಿಂದುಸ್ತಾನಿ ರಂಗಭೂಮಿಗೂ ಅಲ್ಲಿಯ ಕನ್ನಡ ತಂಡಕ್ಕೂ ರಂಗವನ್ನು ರೂಪಿಸಿದವರು. ಮುಂದೆ 1964ರ ‘ಹಕೀಕತ್’ ಚಿತ್ರದ ಕಲಾನಿರ್ದೇಶನಕ್ಕಾಗಿ ಬಹುಮಾನ ಪಡೆದವರು. ಹೊಟ್ಟೆಪಾಡಿಗಾಗಿ ನಾಡು ಬಿಟ್ಟುಬಂದವನ ಕೈಯಲ್ಲಿಯೂ ಈ ಕಲೆಯು ಅರಳಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಹಾಗಾದರೆ ವಿನ್ಯಾಸವೆಂದರೇನು? ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮುಂಬಯಿಯ ಚಾಳಿನ ಒಂದು ಕೋಣೆಯಲ್ಲಿ ಐವರು ಹೋಟೆಲ್ ಹುಡುಗರು ವಾಸಿಸುವ ಕಥೆಯ ನಾಟಕವೊಂದಿದೆಯೆನ್ನಿ. ಹತ್ತಡಿಗೆ ಹನ್ನೆರಡಡಿಯ ಕೋಣೆ. ಒಬ್ಬನು ಎದ್ದರೆ ಇನ್ನೊಬ್ಬನು ಮಲಗಬೇಕು. ಆ ಇಕ್ಕಟ್ಟೇ ಕಥೆಯ ಜೀವ. ಅದನ್ನು ಇಪ್ಪತ್ತನಾಲ್ಕು ಅಡಿ ಅಗಲದ ರಂಗದ ತುಂಬ ಹರಡಿ, ಬಾಡಿಗೆಯ ನೀಲಿ ಗೋಡೆಯ ಮುಂದೆ ಆಡಿದರೆ ಮಾತಿನಲ್ಲಿ ಹೇಳಿದ ಕಷ್ಟವನ್ನು ಕಣ್ಣು ನಂಬುವುದಿಲ್ಲ. ಬದಲಾಗಿ ರಂಗದ ನಡುವೆ ಹತ್ತಡಿಯ ಒಂದು ತಗ್ಗು ಜಗಲಿ, ಸುತ್ತಲೂ ಕತ್ತಲೆ. ಮೇಲೆ ಅಡ್ಡಲಾಗಿ ಕಟ್ಟಿದ ಹಗ್ಗದಲ್ಲಿ ಐದು ಅಂಗಿ. ಒಂದರ ಮೇಲೊಂದು ಇಟ್ಟ ತಗಡಿನ ಟ್ರಂಕುಗಳು. ಸುತ್ತಿಟ್ಟ ಚಾಪೆಗಳು. ಊರಿನ ದೇವರ ಒಂದು ಪಟ. ಇಷ್ಟೇ ಸಾಕು. ಪಾತ್ರಗಳು ಆ ಹತ್ತಡಿಯನ್ನು ದಾಟದೆ ಆಡಲಿ. ಇಕ್ಕಟ್ಟು ತಾನಾಗಿಯೇ ಮಾತನಾಡುತ್ತದೆ. ಖರ್ಚನ್ನು ಕೂಡಿಸಿ ನೋಡಿದರೆ ಬಾಡಿಗೆಗಿಂತ ಕಡಮೆಯೇ ಆದೀತು. ಟ್ರಂಕೂ ಚಾಪೆಯೂ ನಮ್ಮ ನಮ್ಮ ಕೋಣೆಗಳಲ್ಲಿಯೇ ಉಂಟಲ್ಲವೆ!

ಇಲ್ಲಿ ಹಣದ ಉಳಿತಾಯಕ್ಕಿಂತ ದೊಡ್ಡದೊಂದು ವಿಷಯವುಂಟು. ನಮ್ಮ ಬಾಳು ಹೇಗಿದೆಯೋ ಹಾಗೆ ಅದನ್ನು ರಂಗದ ಮೇಲೆ ಕಾಣುವ ಹಕ್ಕು ನಮಗಿದೆ. ತನ್ನ ಕೋಣೆ, ತನ್ನ ಟ್ರಂಕು, ತನ್ನ ಊರಿನ ಜಗಲಿಗಳಿಗೆ ರಂಗದಲ್ಲಿ ಸ್ಥಾನವಿಲ್ಲ, ಯಾವುದೋ ಬಂಗಲೆಯ ಸೋಫಾಕ್ಕೆ ಮಾತ್ರ ಸ್ಥಾನವುಂಟೆಂದು ಕಂಡ ಹುಡುಗನು ತನ್ನ ಬಾಳು ನೋಡತಕ್ಕದ್ದಲ್ಲವೆಂದೇ ತಿಳಿದುಕೊಂಡಾನು. ಹಾಗೆ ತಿಳಿದುಕೊಂಡವನು ಮುಂದಿನ ವರ್ಷ ಕನ್ನಡ ನಾಟಕಕ್ಕೆ ಏಕೆ ಬಂದಾನು?

ವಿನ್ಯಾಸದ ಕ್ರಮವು ಗಹನವಾದ ಗುಟ್ಟೇನಲ್ಲ. ನಾಟಕವನ್ನು ಓದುತ್ತ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಕಥೆಯು ಎಲ್ಲಿ ನಡೆಯುತ್ತದೆ? ಯಾವ ಕಾಲದಲ್ಲಿ? ಯಾರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತಾರೆ? ಯಾವ ವಸ್ತುವಿಲ್ಲದಿದ್ದರೆ ಕಥೆಯು ಮುಂದೆ ಸಾಗದು? ಅನಂತರ ಸಭಾಗೃಹಕ್ಕೆ ಹೋಗಿ ಅಳತೆಪಟ್ಟಿಯಿಂದ ರಂಗದ ಅಗಲ, ಆಳ, ಎತ್ತರಗಳನ್ನೂ ಪಕ್ಕದಲ್ಲಿ ನಟರು ನಿಲ್ಲುವ ಜಾಗವನ್ನೂ ಗುರುತುಹಾಕಿಕೊಳ್ಳಬೇಕು. ಒಂದು ಅಡಿಗೆ ಅರ್ಧ ಅಂಗುಲದಂತೆ ಕಾಗದದ ಮೇಲೆ ನಕ್ಷೆ ಬರೆದರೆ ಇಪ್ಪತ್ತನಾಲ್ಕು ಅಡಿಯ ರಂಗವು ಹನ್ನೆರಡು ಅಂಗುಲದಲ್ಲಿ ಅಡಗುತ್ತದೆ. ರಟ್ಟಿನಿಂದ ಅದೇ ಅಳತೆಯ ಪುಟ್ಟ ಮಾದರಿಯನ್ನೂ ಮಾಡಬಹುದು. ಬಳಿಕ ತಾಲೀಮಿನ ಕೋಣೆಯ ನೆಲದ ಮೇಲೆ ಸೀಮೆಸುಣ್ಣದಿಂದ ನಿಜವಾದ ಅಳತೆಯಲ್ಲಿ ಗೆರೆ ಎಳೆದು, ಮೊದಲ ವಾರದಿಂದಲೇ ನಟರು ಆ ಗೆರೆಗಳೊಳಗೆ ನಡೆದಾಡಬೇಕು. ಹೀಗೆ ಮಾಡಿದರೆ ಪ್ರದರ್ಶನದ ಸಂಜೆ ಬಾಗಿಲೆಲ್ಲಿ, ಮೆಟ್ಟಿಲೆಲ್ಲಿ ಎಂದು ತಡಕಾಡುವ ಪಾಡು ತಪ್ಪುತ್ತದೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನೆಲವನ್ನು ಮೊದಲೇ ಅಳೆದಿಟ್ಟುಕೊಂಡರೆ ಆ ನೆಪವೂ ಉಳಿಯುವುದಿಲ್ಲ.

ಕೆಲವು ಸೂಕ್ಷ್ಮಗಳನ್ನೂ ಗಮನಿಸಬೇಕು. ಮುಂದಿನ ಸಾಲಿನ ತುದಿಯ ಕುರ್ಚಿಯಲ್ಲಿಯೂ ಕೊನೆಯ ಸಾಲಿನಲ್ಲಿಯೂ ಕುಳಿತು, ಅಲ್ಲಿಂದ ಏನು ಕಾಣುತ್ತದೆ, ಏನು ಮರೆಯಾಗುತ್ತದೆಂದು ನೋಡಬೇಕು. ಟಿಕೇಟು ಕೊಂಡವರೆಲ್ಲರ ಕಣ್ಣೂ ಕಣ್ಣೇ. ಚೌಕಟ್ಟಿಗೆ ಬಟ್ಟೆ ಬಿಗಿದ ಗೋಡೆಗಳು ನಾಲ್ಕಡಿಗಿಂತ ಅಗಲವಾಗದಿದ್ದರೆ ಒಬ್ಬನೇ ಎತ್ತಿ ನಿಲ್ಲಿಸಬಲ್ಲನು. ಹಿಂದಿನಿಂದ ಊರುಗೋಲು ಕೊಟ್ಟು ಭಾರವಿಟ್ಟರೆ ಬಾಗಿಲು ತಟ್ಟಿದಾಗ ನಡುಗುವುದಿಲ್ಲ. ಗೋಡೆಯ ಬಣ್ಣವು ನಟನ ಮುಖಕ್ಕಿಂತ ಪ್ರಕಾಶವಾಗಿರಬಾರದು; ಕಣ್ಣು ಮೊದಲು ಮುಖಕ್ಕೆ ಹೋಗಬೇಕು. ಹಗಲಿನಲ್ಲಿ ಚೆನ್ನಾಗಿ ಕಂಡ ಬಣ್ಣವು ಬಣ್ಣದ ದೀಪದ ಕೆಳಗೆ ಬೇರೆಯಾಗುವುದರಿಂದ ತುಂಡು ಬಟ್ಟೆಯನ್ನು ದೀಪದಡಿ ಹಿಡಿದು ಪರೀಕ್ಷಿಸಬೇಕು. ಬಟ್ಟೆಯನ್ನು ದೀಪಗಳಿಂದ ದೂರವಿಡಬೇಕು. ಹೊರಹೋಗುವ ದಾರಿಗಳಿಗೆ ಸಾಮಾನು ಅಡ್ಡವಾಗಬಾರದು. 1903ರಲ್ಲಿ ಅಮೆರಿಕದ ಶಿಕಾಗೋ ನಗರದ ಒಂದು ನಾಟಕಗೃಹದಲ್ಲಿ ದೀಪದ ಕಿಡಿಯು ತೆರೆಗೆ ತಗುಲಿ ಆರುನೂರಕ್ಕೂ ಮಿಕ್ಕಿ ಜನರು ಮಡಿದ ಘಟನೆಯು ಎಲ್ಲ ರಂಗಕರ್ಮಿಗಳಿಗೂ ಎಚ್ಚರಿಕೆಯ ಗಂಟೆಯಾಗಿದೆ.

ಇದೆಲ್ಲವೂ ಕಲಾಶಾಲೆಯಲ್ಲಿ ಕಲಿತವರಿಗೆ ಮಾತ್ರ ಸಾಧ್ಯವೆಂದು ಹೇಳುವವರುಂಟು. ನಾವು ಒಪ್ಪುವುದಿಲ್ಲ. ಹೋಟೆಲಿನಲ್ಲಿ ದುಡಿಯುವವರಿಗೆ ಸ್ಥಳದ ವಿನ್ಯಾಸವು ದಿನನಿತ್ಯದ ಪಾಠ. ಅಡುಗೆಮನೆಯ ಬಾಗಿಲಿನಿಂದ ಬಿಸಿ ಕಾಫಿ ಹೊತ್ತು ಬರುವವನಿಗೂ ಎಂಜಲು ತಟ್ಟೆ ಎತ್ತಿಕೊಂಡು ಹೋಗುವವನಿಗೂ ಢಿಕ್ಕಿಯಾಗದಂತೆ ಮೇಜುಗಳನ್ನು ಹೇಗೆ ಜೋಡಿಸಬೇಕು, ಗಲ್ಲಾದಲ್ಲಿ ಕುಳಿತವನಿಗೆ ಬಾಗಿಲೂ ಮೇಜುಗಳೂ ಒಟ್ಟಿಗೆ ಕಾಣುವಂತೆ ಪೀಠವನ್ನು ಎಲ್ಲಿಡಬೇಕೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರಂಗದ ಮೇಲಿನ ಪ್ರವೇಶ ನಿರ್ಗಮನಗಳು ಇದಕ್ಕಿಂತ ಬಹಳ ಬೇರೆಯಲ್ಲ. ಕಛೇರಿಯಲ್ಲಿ ನಕ್ಷೆ, ಪಟ್ಟಿ, ಲೆಕ್ಕಗಳನ್ನು ಅಚ್ಚುಕಟ್ಟಾಗಿ ಬರೆಯುವ ಗುಮಾಸ್ತರೂ ನಮ್ಮಲ್ಲಿದ್ದಾರೆ; ಫಲಕ ಬರೆಯುವವರಿದ್ದಾರೆ, ಮರಗೆಲಸ ಬಲ್ಲವರಿದ್ದಾರೆ. ಕೈಗಳಿಗೆ ಕೊರತೆಯಿಲ್ಲ, ಕರೆಯುವವರಿಗೆ ಮಾತ್ರ ಕೊರತೆ.

“ಜನರು ಆಡಂಬರವನ್ನೇ ಬಯಸುತ್ತಾರೆ, ಬರಿದಾದ ರಂಗವನ್ನು ತೋರಿಸಿದರೆ ಹಣ ಹಿಂದಕ್ಕೆ ಕೇಳಿಯಾರು” ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಅರ್ಧ ಸತ್ಯವಿದೆ. ಸೋಮಾರಿತನದಿಂದ ಬರಿದಾದ ರಂಗವನ್ನು ಜನರು ಕ್ಷಮಿಸುವುದಿಲ್ಲ, ಕ್ಷಮಿಸಲೂ ಬಾರದು. ಎರಡು ಕುರ್ಚಿ ಎಸೆದು ಇದು ಹೊಸ ಶೈಲಿಯೆಂದು ಸಾಧಿಸುವವರ ಪರವಾಗಿ ನಾವು ವಾದಿಸುತ್ತಿಲ್ಲ. ಪೌರಾಣಿಕ ನಾಟಕಕ್ಕೆ ಬಣ್ಣ ಬೇಕು, ವೈಭವ ಬೇಕು. ಅದನ್ನು ಕಾಣಲೆಂದೇ ಬಂದ ಅಜ್ಜಿಗೆ ನಿರಾಸೆಯಾಗಬಾರದು. ಆದರೆ ಒಂದು ಒಳ್ಳೆಯ ಸಿಂಹಾಸನ, ನಾಲ್ಕು ಮೆಟ್ಟಿಲು, ಹಿಂದೆ ಇಳಿಬಿಟ್ಟ ಒಂದು ಕೆಂಪು ಬಟ್ಟೆ ಇವುಗಳಿಂದ ಹುಟ್ಟುವ ದರ್ಬಾರಿನ ಘನತೆಯು ಸುಕ್ಕುಗಟ್ಟಿದ ಹಳೆಯ ಪರದೆಯಲ್ಲಿ ಬರೆದ ಇಪ್ಪತ್ತು ಕಂಬಗಳಿಂದ ಹುಟ್ಟುವುದಿಲ್ಲ.

ಸಂಚಾರ ಮಾಡುವ ತಂಡಗಳ ಅನುಭವವೂ ಇದನ್ನೇ ಹೇಳುತ್ತದೆ. ಹೆಗ್ಗೋಡಿನ ನೀನಾಸಮ್ ಸಂಸ್ಥೆಯು 1985ರಲ್ಲಿ ‘ತಿರುಗಾಟ’ವನ್ನು ಆರಂಭಿಸಿತು. ಊರಿಂದೂರಿಗೆ ನಾಟಕಗಳನ್ನು ಕೊಂಡೊಯ್ಯುವ ಈ ಬಗೆಯ ತಂಡಕ್ಕೆ ಇಂದು ಶಾಲೆಯ ಬಯಲು, ನಾಳೆ ಪಟ್ಟಣದ ಸಭಾಗೃಹ. ರಂಗಸಜ್ಜಿಕೆಯು ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಹೊರುವುದಕ್ಕೂ ಸುಲಭವಾಗಿರಬೇಕು. ಆದರೂ ನೋಡುವುದಕ್ಕೆ ಬಡಕಲಾಗಿರಬಾರದು. ಕೆಲವೇ ಗಂಟೆಗಳ ಬಾಡಿಗೆಯಲ್ಲಿ ಆಡಬೇಕಾದ ನಮ್ಮ ತಂಡಗಳ ಸ್ಥಿತಿಯೂ ಅದೇ. ಅಲ್ಲಿಂದ ನಾವು ಕಲಿಯಬೇಕಾದುದು ಬಹಳವಿದೆ.

ಈ ದೃಷ್ಟಿಯಿಂದ ನಮ್ಮ ಸಂಘಸಂಸ್ಥೆಗಳ ಮುಂದೆ ನಾಲ್ಕು ಸೂಚನೆಗಳನ್ನು ಇಡಬಯಸುತ್ತೇವೆ. ಮೊದಲನೆಯದಾಗಿ, ನಾಟಕವನ್ನು ಆಯ್ದ ದಿನವೇ ರಂಗಸಜ್ಜಿಕೆಯ ಹೊಣೆಯನ್ನು ಒಬ್ಬರಿಗೆ ವಹಿಸಬೇಕು. ಅವರು ಮೊದಲ ಓದಿನಿಂದಲೇ ನಿರ್ದೇಶಕರ ಪಕ್ಕದಲ್ಲಿ ಕುಳಿತಿರಬೇಕು. ಎರಡನೆಯದಾಗಿ, ಅವರಿಗೆ ದೊರೆಯುವ ಹಣವೆಷ್ಟೆಂಬುದನ್ನು ಅಂದೇ ಗೊತ್ತುಪಡಿಸಬೇಕು. ಕೊನೆಯಲ್ಲಿ ಉಳಿದ ಚಿಲ್ಲರೆಯನ್ನು ಕೈಗೆ ಹಾಕಿ ತಾಜಮಹಲನ್ನು ಕೇಳಬಾರದು.

ಮೂರನೆಯದಾಗಿ, ಒಂದೊಂದು ನಗರದ ಕನ್ನಡ ಸಂಘಗಳೆಲ್ಲ ಕೂಡಿ ಒಂದು ಸಾಮಾನ್ಯ ಉಗ್ರಾಣವನ್ನು ಇಟ್ಟುಕೊಳ್ಳಲಿ. ಮುಂಬಯಿಯಂತಹ ಊರಿನಲ್ಲಿ ಸ್ಥಳಕ್ಕೆ ಬೆಲೆ ಹೆಚ್ಚೆಂಬುದನ್ನು ನಾವು ಬಲ್ಲೆವು. ಆದುದರಿಂದಲೇ ದೊಡ್ಡ ಸಾಮಾನು ಬೇಡ. ಆರಡಿ ಉದ್ದ, ಮೂರಡಿ ಅಗಲದ ಗಟ್ಟಿಯಾದ ಮಡಚುವ ಮಣೆಮಂಚಗಳು ಆರು, ಬಟ್ಟೆಗೋಡೆಯ ಚೌಕಟ್ಟುಗಳು ಎಂಟು, ಕಪ್ಪು ಪರದೆಯ ಒಂದು ಜೊತೆ ಇದ್ದರೆ ಸಾಕು. ಇವೇ ಇಂದು ಜಗಲಿ, ನಾಳೆ ಸಿಂಹಾಸನದ ಮೆಟ್ಟಿಲು, ನಾಡಿದ್ದು ರೈಲು ನಿಲ್ದಾಣದ ಕಟ್ಟೆ. ಬಾಡಿಗೆಯಾಗಿ ಮತ್ತೆ ಮತ್ತೆ ಸುರಿಯುವ ಹಣವು ಹೀಗೆ ಒಂದು ಆಸ್ತಿಯಾಗುತ್ತದೆ. ಮಾಟುಂಗದ ಮೈಸೂರು ಅಸೋಸಿಯೇಷನ್ ಸ್ಥಾಪನೆಯಾದುದು 1926ರಲ್ಲಿ. ಅಂದಿನ ಹಿರಿಯರು ಕೂಡಿ ಸಂಸ್ಥೆಗಳನ್ನು ಕಟ್ಟಬಲ್ಲವರಾದರೆ, ನಾವು ಕೂಡಿ ಆರು ಮಂಚಗಳನ್ನು ಮಾಡಿಸಲಾರೆವೆ?

ನಾಲ್ಕನೆಯದು ಹಣದ ವಿಷಯವಲ್ಲ, ಮರ್ಯಾದೆಯದು. ನಾಟಕದ ಕರಪತ್ರದಲ್ಲಿ ಅಧ್ಯಕ್ಷರ ಹೆಸರಿರುತ್ತದೆ, ಮುಖ್ಯ ಅತಿಥಿಗಳ ಹೆಸರು ದಪ್ಪಕ್ಷರದಲ್ಲಿರುತ್ತದೆ, ಜಾಹೀರಾತು ಕೊಟ್ಟವರ ಹೆಸರಿರುತ್ತದೆ. ರಾತ್ರಿಯೆಲ್ಲ ಮೊಳೆ ಹೊಡೆದು, ಬಣ್ಣ ಬಳಿದು, ಆಟ ಮುಗಿದ ಮೇಲೆ ಎಲ್ಲರೂ ಹಾರ ಹಾಕಿಸಿಕೊಂಡು ಮನೆಗೆ ಹೋದಾಗ ಹಿಂದೆ ಉಳಿದು ಸಾಮಾನು ಕಟ್ಟುವ ಹುಡುಗನ ಹೆಸರೆಲ್ಲಿ? ಬೆಳಿಗ್ಗೆ ಐದಕ್ಕೆ ಅವನು ಹೋಟೆಲಿನ ಒಲೆ ಹೊತ್ತಿಸಬೇಕು. ಆ ಹುಡುಗನಿಗೆ ಸಂಬಳ ಕೊಡುವ ಶಕ್ತಿ ನಮ್ಮ ಸಂಘಗಳಿಗಿಲ್ಲದಿರಬಹುದು. ಹೆಸರನ್ನು ಅಚ್ಚುಹಾಕಿಸಲು ಒಂದು ಸಾಲಿನ ಜಾಗ ಸಾಕು. ನಾಟಕ ಸ್ಪರ್ಧೆಗಳನ್ನು ನಡೆಸುವವರು ರಂಗಸಜ್ಜಿಕೆಯ ಬಹುಮಾನವನ್ನು ಕೊಡುವಾಗ ಎಷ್ಟು ಖರ್ಚಾಯಿತೆಂಬುದನ್ನಲ್ಲ, ನಾಟಕಕ್ಕೆ ಎಷ್ಟು ಒಪ್ಪಿತೆಂಬುದನ್ನು ತೂಗಿ ನೋಡಲಿ. ಬಹುಮಾನವನ್ನು ತಂಡದ ಕಾರ್ಯದರ್ಶಿಯ ಕೈಗಲ್ಲ, ಕೆಲಸ ಮಾಡಿದವನ ಕೈಗೆ ಕೊಡಲಿ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ನಾಟಕವಾಡುವುದೆಂದರೆ ಇವೆರಡನ್ನೂ ಒಂದೇ ಸಂಜೆ ಮಾಡಿದಂತೆ. ಮನೆಯನ್ನು ಕಟ್ಟದೆ ಮದುವೆಯನ್ನು ನಡೆಸಹೊರಟುದೇ ನಮ್ಮ ತೊಂದರೆಗೆಲ್ಲ ಮೂಲ. ಈ ವರ್ಷದ ನಾಟಕಗಳಿಗಾಗಿ ಸಂಘಗಳ ಮೊದಲ ಸಭೆಯು ಸೇರಿದಾಗ ನಾಯಕನ ಪಾತ್ರ ಯಾರಿಗೆಂದು ಕೇಳುವ ಮೊದಲು, ರಂಗವನ್ನು ಕಟ್ಟುವವರು ಯಾರೆಂದು ಯಾರಾದರೂ ಒಬ್ಬರು ಎದ್ದುನಿಂತು ಕೇಳಲಿ. ಉತ್ತರ ಕೊಡಬಲ್ಲವನು ಬಹುಶಃ ಹಿಂದಿನ ಬೆಂಚಿನಲ್ಲಿಯೇ ಕುಳಿತಿರುತ್ತಾನೆ.